ಉದ್ದದ ಎಳೆ

ಟಿಕೆಟ್ಟಿನಾಕೆ ಕೂತಿದ್ದ ಬೆತ್ತದ ಕುರ್ಚಿಯ ತಳ ಜೋತುಬಿದ್ದಿತ್ತು. ಅವನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಆಮೇಲೆ ಅವಳು, ಅವಳ ಮುಂದಿನ ಮೇಜು, ಕೊನೆಗೆ, ಈಗ ಮ್ಯೂಸಿಯಂ ಆಗಿದ್ದ ಆ ದೊಡ್ಡಮನೆಯ ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡದಾಗಿ ತೂಗುಹಾಕಿದ್ದ ಸತ್ತ ಲೇಖಕನ ಮುಖ. ಅರವತ್ತು ವರ್ಷ ಕುರ್ಚಿಗಳಿಗೆ ಬೆತ್ತ ನೇಯ್ದವನ ಕಣ್ಣು ಯಾರ ಮನೆಗೆ ಹೋದರೂ ಮೊದಲು ನೆಲದಿಂದ ಒಂದೂವರೆ ಅಡಿ ಮೇಲೆ ಸುಳಿದಾಡುತ್ತದೆ, ಮುಖಗಳ ಎತ್ತರಕ್ಕೆ ಏರುವುದು ನಿಧಾನ. ಏರಿದಾಗ ಆ ಮುಖ ಅವನನ್ನೇ ನೋಡುತ್ತಿತ್ತು, ಕೆನ್ನೆಗೆ ಕೈ ಕೊಟ್ಟುಕೊಂಡು, ಎಲ್ಲರನ್ನೂ ಕ್ಷಮಿಸಿ ಕೂತವರ ನಗು ನಗುತ್ತಾ. ನಗು ಮಗನೇ, ನಗು, ಎಂದುಕೊಂಡ. ಬಸ್ಸಿನಲ್ಲಿ ಮೂರು ಗಂಟೆ ಕಾಲ ಅವನು ಆಡಬೇಕಾದ ಮಾತುಗಳನ್ನು ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದ್ದ. ಒಳಗೆ ಹೋಗುವುದು, ಜನ ಇರುವ ಹೊತ್ತು ನೋಡಿ ನಡುಮನೆಯಲ್ಲಿ ನಿಂತು, ಗಂಟಲೆತ್ತಿ, ಇದು ಸುಳ್ಳು, ಇವನು ಸುಳ್ಳುಗಾರ ಎನ್ನುವುದು. ಆಮೇಲೆ ಏನು ಎಂಬುದನ್ನು ಅವನು ಯೋಚಿಸಿರಲಿಲ್ಲ. ಯಾರಾದರೂ ತೋಳು ಹಿಡಿದು ಹೊರಗೆ ಕರೆತರುತ್ತಾರೆ, ಕರೆತರಲಿ.

"ಒಬ್ಬರೇನಾ ತಾತ?"

"ಒಬ್ಬನೇ."

"ಅರವತ್ತು ದಾಟಿದೆಯಾ?" ಎಂದು ಕೇಳಿ, ಅವನ ಮುಖ ನೋಡಿ, ಕೇಳಿದ್ದಕ್ಕೆ ತಾನೇ ನಕ್ಕು ಅರ್ಧ ಟಿಕೆಟ್ ಹರಿದಳು. "ಮಕ್ಕಳಿಗೂ ವಯಸ್ಸಾದವರಿಗೂ ಅರ್ಧ."

ಪೂರ್ತಿ ಟಿಕೆಟ್ಟೇ ಕೊಡು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಅರ್ಧ ಟಿಕೆಟ್ಟಿನಲ್ಲಿ ಎಂಥ ಸೇಡು ತೀರಿಸಿಕೊಳ್ಳುವುದು? "ಚೀಲ ಒಳಗೆ ತಗೊಂಡು ಹೋಗೋ ಹಾಗಿಲ್ಲ, ಇಲ್ಲೇ ನನ್ನ ಹತ್ತಿರ ಇಡಿ" ಎಂದಳು. ಚೀಲದಲ್ಲಿ ಅವನ ಚಾಕು, ದಬ್ಬಳ, ಒಂದು ಮುಷ್ಟಿ ಮರದ ಬೆಣೆಗಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೆತ್ತದ ಸುರುಳಿ. ಕೆಲಸ ಸಿಕ್ಕಿದೆ, ಹೋಗಿಬರುತ್ತೇನೆ ಎಂದು ಮಗಳಿಗೆ ಸುಳ್ಳು ಹೇಳಿ ಹೊರಟಿದ್ದರಿಂದ ಅವನ್ನೆಲ್ಲ ಹೊತ್ತು ತರಬೇಕಾಗಿತ್ತು. ಈ ವಯಸ್ಸಿನಲ್ಲಿ ಯಾರಪ್ಪಾ ನಿನ್ನ ಕರೆದವರು, ಎಂದು ಮಗಳು ಬೆತ್ತಕ್ಕೆ ತಾನೇ ನೀರು ಚಿಮುಕಿಸಿ ಸುತ್ತಿಕೊಟ್ಟಿದ್ದಳು. ಚೀಲ ಮೇಜಿನ ಕೆಳಗೆ ಇಟ್ಟು ನೆಟ್ಟಗಾಗುವಾಗ ಅವಳ ಕುರ್ಚಿಯ ತಳ ಮತ್ತೆ ಕಂಡಿತು. ಯಂತ್ರದಲ್ಲಿ ನೇಯ್ದ ಹಾಳೆ, ಅಂಚಿಗೆ ಅಂಟು ಹಾಕಿ ಕೂರಿಸಿದ್ದು. ಇನ್ನು ಆರು ತಿಂಗಳು, ಎಂದುಕೊಂಡ.

"ಅವರ ಪುಸ್ತಕ ಓದಿದೀರಾ?" ಎಂದಳು. ಎಲ್ಲರನ್ನೂ ಕೇಳುವ ಪ್ರಶ್ನೆ ಇರಬೇಕು.

"ಒಂದು ಅಧ್ಯಾಯ" ಎಂದ.

ಓದಿದ್ದೂ ಅಲ್ಲ, ಕೇಳಿದ್ದು. ಅವನ ಓದು ನಾಲ್ಕನೇ ತರಗತಿಗೆ ಮುಗಿದಿತ್ತು. ಮಗಳು ಏಳನೆಯಲ್ಲಿದ್ದಾಗ ಪಾಠದ ಪುಸ್ತಕ ಹಿಡಿದುಕೊಂಡು, ಅಡುಗೆಮನೆಯ ಹೊಸ್ತಿಲಿಗೆ ಒರಗಿ, ಅಜ್ಜಿಗೆ ಕೇಳಲಿ ಎಂದು ಜೋರಾಗಿ ಓದಿದ್ದಳು: ಲೇಖಕನ ಬಾಲ್ಯ, ಅವನ ತಾತ ಕೂರುತ್ತಿದ್ದ ದೊಡ್ಡ ಕುರ್ಚಿ, ಅದಕ್ಕೆ ಹೊಸ ಬೆತ್ತ ಹಾಕಲು ಬಂದ ಕೆಲಸದವನ ಬಟ್ಟೆಯಿಂದ ಹೊಡೆಯುತ್ತಿದ್ದ ಹೆಂಡದ ವಾಸನೆ, ಮರುದಿನ ಬೆಳಗ್ಗೆ ತಾತ ಕೂತದ್ದೇ ಕುಸಿದ ತಳ, ಮುರಿದ ಸೊಂಟ, ಆರು ತಿಂಗಳು ಹಾಸಿಗೆಯಲ್ಲಿ ನರಳಿ ಸತ್ತದ್ದು. 'ಕುಡುಕನೊಬ್ಬ ಬಿಟ್ಟುಹೋದ ಆ ತೂತಿನೊಳಗಿಂದ ನಾನು ಮೊದಲ ಸಲ ಲೋಕವನ್ನು ನೋಡಿದೆ.' ಮೇಷ್ಟ್ರು ಆ ಸಾಲನ್ನು ಬಾಯಿಪಾಠ ಮಾಡಲು ಹೇಳಿದ್ದಾರೆ, ಎಂದು ಅವಳು ಎರಡೆರಡು ಸಲ ಓದಿದಳು. ಮೂಲೆಯ ಮಂಚದಲ್ಲಿ ಅಪ್ಪ ಮಲಗಿದ್ದ. ಕಣ್ಣು ಮುಚ್ಚಿತ್ತು, ಆದರೆ ನಿದ್ದೆಯಲ್ಲಿ ಅವನ ಕೈಬೆರಳುಗಳು ಅಷ್ಟು ಸುಮ್ಮನಿರುತ್ತಿರಲಿಲ್ಲ, ಸದಾ ಹೊದಿಕೆಯ ಅಂಚಿನ ಎಳೆಗಳನ್ನು ಏನೋ ಮಾಡುತ್ತಿರುತ್ತಿದ್ದವು. ಓದು ಮುಗಿದ ಮೇಲೆ ಅಪ್ಪ, "ಚೆನ್ನಾಗಿ ಓದ್ತೀಯಮ್ಮ" ಎಂದಿದ್ದ. ಆಮೇಲೆ, "ಮರಿ ಚೆನ್ನಾಗಿ ಬರೆದಿದಾನೆ" ಎಂದಿದ್ದ. ಮರಿ ಎಂದರೆ ಯಾರು ತಾತ, ಎಂದು ಮಗಳು ಕೇಳಿದಾಗ ಅಪ್ಪ ಗೋಡೆಯ ಕಡೆ ಹೊರಳಿಕೊಂಡ.

ನಡುಮನೆಗೆ ಮೂರು ಮೆಟ್ಟಿಲು. ಹುಡುಗನಾಗಿ ಅಪ್ಪನ ಜೊತೆ ಬಂದಾಗ ಐದಿದ್ದವು ಎಂಬ ನೆನಪು. ಅಥವಾ ಕಾಲು ಗಿಡ್ಡವಿದ್ದವು. ಒಳಗೆ ಗಾಜಿನ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ಪುಟ್ಟ ಬೀಗ. ಒಂದರಲ್ಲಿ ಹುಡುಗನ ಸ್ಲೇಟು, ಒಂದರಲ್ಲಿ ಗುಂಡಿ ಕಿತ್ತ ಅಂಗಿ, ಒಂದರಲ್ಲಿ ಬರೀ ಒಂದು ಗೋಲಿ, ಅದರ ಕೆಳಗೆ ನಾಲ್ಕು ಸಾಲು ಬರಹ. ತನ್ನ ಗೋಲಿಗಳೆಲ್ಲ ಎಲ್ಲಿ ಹೋದವೋ. ಕೋಣೆಯ ಬಣ್ಣ ಹೊಸದು, ನೆಲ ಹಳೆಯದು. ಕಿಟಕಿಯ ಬಳಿ ಬೆಳಕು ಬೀಳುವ ಜಾಗದಲ್ಲಿ, ನಾಲ್ಕು ಹಿತ್ತಾಳೆ ಕಂಬಗಳಿಗೆ ಕಟ್ಟಿದ ಕೆಂಪು ಹಗ್ಗದ ನಡುವೆ, ಆ ಕುರ್ಚಿ ಇತ್ತು.

ತಿಂಗಳ ಕೆಳಗೆ ಕ್ಷೌರದ ಅಂಗಡಿಯಲ್ಲಿ ಅವನು ಅದರ ಚಿತ್ರ ನೋಡಿದ್ದ. ಅರ್ಧ ಮುಖದ ಕ್ಷೌರ ಆಗಿತ್ತು, ಅರ್ಧಕ್ಕೆ ನೊರೆ ಹಚ್ಚಿತ್ತು. ಕ್ಷೌರಿಕ ಪೇಪರನ್ನು ಅವನ ಮುಂದೆ ಹಿಡಿದು, "ನೋಡಿ ಮಾವ, ನಿಮ್ಮ ಕಸುಬಿನವನ ಘನಕಾರ್ಯ. ಕುಡ್ಕೊಂಡು ನೇಯ್ದು ಒಬ್ಬರ ಪ್ರಾಣ ತೆಗೆದನಂತೆ. ನೀವು ಹಾಗೇನಾದ್ರೂ..." ಎಂದು ಕಣ್ಣು ಹೊಡೆದು ನಕ್ಕಿದ್ದ. ಅವರು ಊರು ಬಿಟ್ಟು ಇನ್ನೊಂದು ಊರು ಸೇರಿ ಅರವತ್ತು ವರ್ಷವಾಗಿತ್ತು, ಕ್ಷೌರಿಕನಿಗೆ ಏನೂ ಗೊತ್ತಿರಲಿಲ್ಲ. ಅರ್ಧ ಮುಖದಲ್ಲಿ ಎದ್ದುಹೋಗುವುದಕ್ಕೂ ಆಗದೆ, ನೊರೆಯೊಳಗೇ ನಕ್ಕ ಹಾಗೆ ಮಾಡಿದ್ದ. ಆ ನಗುವನ್ನು ಅವನು ಒಂದು ತಿಂಗಳಿಂದ ಕ್ಷಮಿಸಿಕೊಂಡಿರಲಿಲ್ಲ. ಆದರೆ ಅವನ ನಿದ್ದೆ ಕೆಡಿಸಿದ್ದು ಅದಲ್ಲ, ಚಿತ್ರದಲ್ಲಿದ್ದ ತೂತು. ಆ ತೂತು ಅಲ್ಲಿ ಇರಬಾರದಿತ್ತು. ಮುದುಕ ಬಿದ್ದ ನಾಲ್ಕನೇ ದಿನಕ್ಕೆ ಅಪ್ಪನನ್ನು ಕರೆಸಿ, ಪುಕ್ಕಟೆ ಸರಿಮಾಡು ಎಂದು ಗದರಿಸಿದ್ದರು. ಅಪ್ಪ ಹೋಗಿ ಹಳೆಯದನ್ನೆಲ್ಲ ಕಿತ್ತು, ಎರಡು ದಿನ ಕೂತು, ಹೊಸದಾಗಿ ತಳ ನೇಯ್ದು ಬಂದಿದ್ದ. ಹಾಗಿದ್ದರೆ ಈ ತೂತು ಎಲ್ಲಿಯದು? ಅಪ್ಪನ ಎರಡನೇ ನೇಯ್ಗೆಯೂ ಹರಿದುಹೋಯಿತೇ? ತಾನಾಗಿ ಹರಿದಿದ್ದರೆ ಪುಸ್ತಕ ಹೇಳಿದ್ದು ನಿಜ, ಅಪ್ಪನ ಕೈ ಕೆಟ್ಟಿತ್ತು, ಅರವತ್ತು ವರ್ಷದ ಈ ಉರಿ ಬರೀ ಹೊಗೆ. ಯಾರಾದರೂ ಕತ್ತರಿಸಿದ್ದರೆ... ಬೆತ್ತ ತಾನಾಗಿ ಹರಿದರೆ ತುದಿ ಒಣಹುಲ್ಲಿನ ಹಾಗೆ ಸೀಳುಸೀಳಾಗಿರುತ್ತದೆ, ಕತ್ತಿ ತಾಗಿದರೆ ಉಗುರು ತೆಗೆದ ಹಾಗೆ ನುಣ್ಣಗೆ. ನೋಡಿದರೆ ಗೊತ್ತಾಗುತ್ತದೆ. ನೋಡಬೇಕು, ಅಷ್ಟೆ.

ಹಗ್ಗದ ಮುಂದೆ ಗಂಡಹೆಂಡತಿ ನಿಂತಿದ್ದರು. ಕನ್ನಡಕದ ಗಂಡ ಫಲಕವನ್ನು ಹೆಂಡತಿಗೆ ಓದಿ ಹೇಳುತ್ತಿದ್ದ, ಆ ಬಾಯಿಪಾಠದ ಸಾಲನ್ನೇ, ಮೇಷ್ಟ್ರ ಏರಿಳಿತದಲ್ಲೇ.

"ಪಾಪ" ಎಂದಳು ಹೆಂಡತಿ. "ಒಬ್ಬ ಕುಡುಕನಿಂದ ಆ ಮಗೂಗೆ ಎಷ್ಟು ನೋವು ನೋಡಿ."

"ಹಾಗಲ್ಲ ಕಣೆ. ಆ ಕುಡುಕ ಇಲ್ದೇ ಇದ್ದಿದ್ರೆ ಇವರು ಬರೀತಾನೇ ಇರಲಿಲ್ಲ. ಹಾಗೆ ನೋಡಿದ್ರೆ ನಾವು ಅವನಿಗೆ ಥ್ಯಾಂಕ್ಸ್ ಹೇಳ್ಬೇಕು."

"ನೀವೂ ಒಂದು! ಕುಡುಕರಿಗೆ ಥ್ಯಾಂಕ್ಸ್ ಹೇಳೋ ಅವಕಾಶ ಸಿಕ್ಕಿದ್ರೆ ಬಿಡಲ್ಲ" ಎಂದು ಹೆಂಡತಿ ನಕ್ಕಳು.

ಈಗ, ಎಂದುಕೊಂಡ ಅವನು. ಗಂಟಲೆತ್ತು. ಇಬ್ಬರಾದರೂ ಇದ್ದಾರೆ. ಆದರೆ ಕಣ್ಣು ಆಗಲೇ ಕುರ್ಚಿಯ ತಳಕ್ಕೆ ಇಳಿದುಬಿಟ್ಟಿತ್ತು, ತೂತಿನ ಅಂಚಿಗೆ. ತುದಿಗಳು ಸೀಳುಸೀಳಾಗಿದ್ದವು. ಒಂದಲ್ಲ, ಎರಡಲ್ಲ, ಸುತ್ತಲೂ. ಒಣಹುಲ್ಲಿನ ಹಾಗೆ, ಎಳೆ ಸಿಡಿದು ನಾರು ಎದ್ದಿತ್ತು. ಅವನು ಹಗ್ಗ ಹಿಡಿದುಕೊಂಡ. ಹಗ್ಗ ಮೆತ್ತಗಿತ್ತು, ಮಖಮಲ್ಲಿನದು, ಹಿಡಿದರೆ ಹಿಡಿದ ಹಾಗೇ ಆಗುತ್ತಿರಲಿಲ್ಲ. ಹಾಗಾದರೆ ಅಪ್ಪಾ, ಎಂದಿತು ಒಳಗೆ ಒಂದು ದನಿ, ಹನ್ನೆರಡು ವರ್ಷದ ಹುಡುಗನ ದನಿ. ಮುದುಕ ಬಿದ್ದ ದಿನದ ಸಂಜೆಯೂ ಅದು ಹಾಗೆಯೇ ಕರೆದಿತ್ತು. ದೊಡ್ಡಮನೆಯ ಆಳುಗಳು ಬಂದು, ನಿನ್ನ ಕುಡಿತಕ್ಕೆ ನಮ್ಮ ಯಜಮಾನರ ಸೊಂಟ ಮುರಿಯಿತಲ್ಲೋ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೋಗಿದ್ದರು. ಅಮ್ಮ ಅಪ್ಪನನ್ನು ಏನೂ ಕೇಳಲಿಲ್ಲ. ಅವನನ್ನು ಒಲೆಯ ಹತ್ತಿರ ಕರೆದು, "ಹೋಗಿ ಅಪ್ಪನ ಕಿವೀಲಿ ಏನಾದ್ರೂ ಹೇಳು" ಎಂದಳು, ಅವನ ಮುಖ ನೋಡದೆ. ಅವನಿಗೆ ಅರ್ಥವಾಯಿತು. ಹೋಗಿ ಅಪ್ಪನ ಹೆಗಲಿಗೆ ಜೋತುಬಿದ್ದು, ಅಪ್ಪಾ ನನಗೊಂದು ಗೋಲಿ ಬೇಕು ಎಂದು ಕಿವಿಯಲ್ಲಿ ಹೇಳುತ್ತಾ, ಮೂಗನ್ನು ಮೆಲ್ಲಗೆ ಅಪ್ಪನ ಬಾಯಿಯ ಕಡೆ ತಂದ. ಅಪ್ಪ ಅಲುಗಾಡಲಿಲ್ಲ. ಆಮೇಲೆ ಮುಖ ಪೂರ್ತಿ ಅವನ ಕಡೆ ತಿರುಗಿಸಿ, ಡಾಕ್ಟರ ಮುಂದೆ ತೆರೆಯುವ ಹಾಗೆ ಬಾಯಿ ಅಗಲವಾಗಿ ತೆರೆದು, ಹಾ... ಎಂದು ಉಸಿರು ಬಿಟ್ಟ. ಉದ್ದಕ್ಕೆ, ಉಸಿರು ಮುಗಿಯುವ ತನಕ. ನೆನೆದ ಬೆತ್ತದ ವಾಸನೆ. ಎಳೆ ಒಣಗದಿರಲೆಂದು ದಿನವಿಡೀ ಬಾಯಲ್ಲಿ ಕಚ್ಚಿಕೊಂಡಿರುತ್ತಿದ್ದ ಬೆತ್ತದ ವಾಸನೆ, ಮತ್ತೆ ಖಾಲಿ ಹೊಟ್ಟೆಯದು. ಬೇರೇನೂ ಇಲ್ಲ. ಬಟ್ಟೆಯ ಮೇಲಿದ್ದದ್ದು ಕುರ್ಚಿಯ ಕೈಗಳಿಗೆ ಹಚ್ಚಿದ ಪಾಲಿಶ್ಶಿನ ಸ್ಪಿರಿಟ್ಟು, ಅದು ಈ ಕಸುಬಿನವರ ಮನೆಯ ಮಕ್ಕಳಿಗೆಲ್ಲ ಗೊತ್ತಿರುವ ವಾಸನೆ, ದೊಡ್ಡಮನೆಯವರಿಗೆ ಗೊತ್ತಿರಲಿಲ್ಲ. ಅವನು ಅಮ್ಮನ ಕಡೆ ನೋಡಿ ಇಲ್ಲ ಎಂದು ತಲೆಯಾಡಿಸಿದ. ಅಪ್ಪ ಅದನ್ನೂ ನೋಡಿದ. ಇದನ್ನು ಅವನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಗೋಡೆಯ ಮೇಲಿನ ಆ ನಗುಮುಖಕ್ಕೆ ಒಂದು ಪುಸ್ತಕ ಸಿಕ್ಕಿತು, ನನಗೆ ಇದು ಸಿಕ್ಕಿತು, ಎಂದುಕೊಂಡ.

ಕೆಳಗಿನಿಂದ ನೋಡಬೇಕು. ಮೇಲಿನದೆಲ್ಲ ಬರೀ ಚಂದ. ಹಾಗೆಂದದ್ದು ಅಪ್ಪ, ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಪಕ್ಕ, ಹೇಳಿದ್ದು ತನಗಲ್ಲ, ಮರಿಗೆ. ಹತ್ತು ವರ್ಷದ ಮರಿ, ಮನೆಯ ಮುದ್ದು, ಅಪ್ಪ ನೇಯುತ್ತಿದ್ದಾಗ ಕುರ್ಚಿಯ ಕೆಳಗೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದ. ಇದರಲ್ಲಿ ಯಾವ ಎಳೆ ಗಟ್ಟಿ, ಎಂದು ಕೇಳಿದ್ದ. ಅಪ್ಪನಿಗೆ ಹಿಗ್ಗು, ಅಂಥ ಪ್ರಶ್ನೆ ಸ್ವಂತ ಮಗನೂ ಕೇಳಿರಲಿಲ್ಲ. "ಮೊದಲು ಹಾಕೋದು ಹಿಂದಿನಿಂದ ಮುಂದಕ್ಕೆ ಉದ್ದದ ಎಳೆ, ಸಣ್ಣಯಜಮಾನ್ರೇ. ಅದು ಎಲ್ಲಕ್ಕಿಂತ ಕೆಳಗಿರುತ್ತೆ, ಯಾರ ಕಣ್ಣಿಗೂ ಬೀಳಲ್ಲ. ಭಾರ ಎಲ್ಲ ಹೊರೋದು ಅದೇ. ಅದು ಹೋಯ್ತು ಅಂದ್ರೆ ಮೇಲಿನದೆಲ್ಲ ಬರೀ ಚಂದಕ್ಕೆ." ಹಾಗೆಂದು ಕೆಳಗೆ ಕೈ ಚಾಚಿ ಮರಿಯ ಬೆರಳು ಹಿಡಿದು, ಒಂದೊಂದೇ ಎಳೆ ಮುಟ್ಟಿಸಿದ್ದ. ಇಂಥವನನ್ನೇ ಆ ಮುದುಕ ದಿನಾ ಆ ಕುರ್ಚಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು, ಮಗ್ಗಿ ತಪ್ಪಿದಾಗಲೆಲ್ಲ ಗೆಣ್ಣಿನಿಂದ ತಲೆಗೆ ಮೊಟಕುತ್ತಿದ್ದದ್ದು. ಅದು ಪುಸ್ತಕದಲ್ಲಿ ಇರಲಿಲ್ಲ. ಪುಸ್ತಕದಲ್ಲಿ ತಾತ ಕಥೆ ಹೇಳುತ್ತಿದ್ದ.

ಗಂಡಹೆಂಡತಿ ಸ್ಲೇಟಿನ ಕಡೆ ಸರಿದರು. ಅವನು ಹಗ್ಗದ ಕೆಳಗೆ ಬಗ್ಗಿದ, ಮೊಣಕಾಲೂರಿದ, ಮೊಣಕಾಲು ಎರಡು ಸಲ ಸದ್ದು ಮಾಡಿತು. ಒಂದು ಕೈ ಊರಿ, ಪಕ್ಕಕ್ಕೆ ಬಾಗಿ, ಮೆಲ್ಲಗೆ ಅಂಗಾತನಾಗಿ, ತಲೆಯನ್ನು ಕುರ್ಚಿಯ ಕೆಳಗೆ ತೂರಿಸಿದ. ನೆಲ ತಣ್ಣಗಿತ್ತು. ಮೊದಲು ಕಂಡದ್ದು ಗಂಟುಗಳು. ಚೌಕಟ್ಟಿನ ಅಂಚಿನ ಸಣ್ಣ ಕಣ್ಣುಗಳಿಂದ ಇಳಿದ ಎಳೆಗಳಿಗೆ ಹಾಕಿದ ಎರಡು ಸುತ್ತಿನ ಗಂಟು. ಎಲ್ಲರೂ ಒಂದು ಸುತ್ತು ಹಾಕುತ್ತಾರೆ. ಅಪ್ಪ ಮಾತ್ರ ಎರಡು. ಅಪ್ಪನ ಎರಡನೇ ನೇಯ್ಗೆಯೇ. ಆಮೇಲೆ ಉದ್ದದ ಎಳೆಗಳನ್ನು ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. ಕೈ ಎತ್ತಿ ತೋರುಬೆರಳಿನ ತುದಿಯಿಂದ ಒಂದೊಂದನ್ನೇ ಮುಟ್ಟಿದ. ನುಣ್ಣಗೆ. ನುಣ್ಣಗೆ. ನುಣ್ಣಗೆ. ಎಂಟು ಎಳೆ, ಒಂದೇ ಸಾಲಿನಲ್ಲಿ, ಉಗುರು ತೆಗೆದ ಹಾಗೆ.

"ಅಯ್ಯೋ, ಯಾರೋ ಬಿದ್ದಿದಾರೆ!" ಎಂದು ಹೆಂಡತಿ ಕೂಗಿದಳು. "ನೀರು, ನೀರು ತನ್ನಿ." ಗಂಡ ಅವನ ಎರಡು ಕಾಲು ಹಿಡಿದು ಎಳೆಯತೊಡಗಿದ. ಟಿಕೆಟ್ಟಿನಾಕೆ ಓಡಿಬಂದಳು. ಯಾರೋ ಅವನ ಎದೆಗುಂಡಿ ಬಿಚ್ಚಿದರು. ಬಿದ್ದಿಲ್ಲಮ್ಮ, ಮಲಗಿದ್ದೆ, ಎಂದು ಅವನು ಹೇಳಿದ್ದು ಇನ್ನೂ ಕೆಟ್ಟದಾಯಿತು. ಎಬ್ಬಿಸಿ ಕೂರಿಸಿದರು, ಕುಡಿಸಿದರು, ನೀರು ಗಲ್ಲದ ಮೇಲೆ ಇಳಿಯಿತು. "ಮನೇಲಿ ಯಾರೂ ಜೊತೆಗೆ ಬರಲ್ವಾ ಇವರಿಗೆ?" ಎಂದು ಹೆಂಡತಿ ಅವನು ಅಲ್ಲಿಲ್ಲವೇನೋ ಎಂಬಂತೆ ಕೇಳಿದಳು. ಗಂಡಹೆಂಡತಿ ಹೋದ ಮೇಲೆ ಟಿಕೆಟ್ಟಿನಾಕೆ ಸೊಂಟಕ್ಕೆ ಕೈಯಿಟ್ಟು, "ತಾತ, ಇದೇನು ಚೆಲ್ಲಾಟ? ಹಗ್ಗ ಯಾಕೆ ಕಟ್ಟಿದೀವಿ?" ಎಂದಳು.

"ಇದು ಹರಿದದ್ದಲ್ಲ" ಎಂದ ಅವನು. "ಕತ್ತರಿಸಿದ್ದು."

ಅವಳು ಸಿಕ್ಕಿಬಿದ್ದವಳಂತೆ ಬಾಗಿಲ ಕಡೆ ನೋಡಿ, ಆಮೇಲೆ ನಕ್ಕಳು. ದನಿ ತಗ್ಗಿಸಿದಳು. "ಕಣ್ಣು ಚುರುಕಿದೆ ನಿಮಗೆ. ಯಾರಿಗೂ ಹೇಳ್ಬೇಡಿ. ಈ ಕುರ್ಚಿ ಅಟ್ಟದಲ್ಲಿತ್ತು. ಇಳಿಸಿ ನೋಡಿದ್ರೆ ಗಟ್ಟಿಮುಟ್ಟಾಗಿ ಕೂತಿದೆ! ಕಮಿಟಿಯವರಿಗೆಲ್ಲ ತಲೆಬಿಸಿ. ಪುಸ್ತಕದಲ್ಲಿ ತೂತು, ಇಲ್ಲಿ ತೂತಿಲ್ಲ. ಬರೋರೆಲ್ಲ ಅದನ್ನೇ ತಾನೇ ಕೇಳೋದು? ಹೋದ ವರ್ಷ, ತೀರಿಕೊಳ್ಳೋಕೆ ಮುಂಚೆ, ಅವರೇ ಬಂದಿದ್ರು. ನೋಡಿದವರೇ, ಒಂದು ಬ್ಲೇಡ್ ತನ್ನಿ ಅಂದ್ರು. ನಾನೇ ತಂದುಕೊಟ್ಟಿದ್ದು."

"ಮೇಲಿಂದ ಕತ್ತರಿಸಿದ್ರಾ?"

"ಕಮಿಟಿಯವರು ಹಾಗೇ ಹೇಳಿದ್ರು. ಅವರೇ, ಛೇ, ಮೇಲಿಂದ ಕತ್ತರಿಸಿದ್ರೆ ಗೊತ್ತಾಗಿಬಿಡುತ್ತೆ ಅಂದ್ರು. ಅಷ್ಟು ದೊಡ್ಡ ಮನುಷ್ಯ, ಆ ವಯಸ್ಸಲ್ಲಿ, ಈಗ ನೀವು ಮಲಗಿದ್ರಲ್ಲ, ಹಾಗೇ ಕೆಳಗೆ ಮಲಗಿಬಿಟ್ರು. ಒಂದು ಸಲಾನೂ ತಡಕಾಡಲಿಲ್ಲ ಕಣ್ರೀ. ಉದ್ದದ ಎಳೆ ಆರಿಸಿ ಆರಿಸಿ, ಟಕ್, ಟಕ್, ಟಕ್. ಎದ್ದುಬಂದು ಮೇಲಿಂದ ಮೊಣಕೈಲಿ ಒಂದು ಒತ್ತು, ಅಷ್ಟೆ, ಧೊಪ್ ಅಂತ ತೂತು. ಎಷ್ಟು ಪಳಗಿದ ಕೈ ಅಂತೀರಿ! ಆದ್ರೆ ಎದ್ದುಬರೋಕೆ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ಕೆಳಗೇ ಮಲಗಿದ್ರು. ತಾತನ ನೆನಪಾಯ್ತೇನೋ, ಪಾಪ."

ಪಳಗಿದ ಕೈ. ಅವನು ಆ ಮಾತನ್ನು ಬಾಯಲ್ಲಿ ಎಳೆ ಕಚ್ಚಿಕೊಂಡ ಹಾಗೆ ಕಚ್ಚಿಕೊಂಡ. ಒಮ್ಮೆ ಮಾಡಿದ್ದವನ ಕೈ ಮಾತ್ರ ಹಾಗೆ ತಡಕಾಡದೆ ಹೋಗುತ್ತದೆ. ಎಪ್ಪತ್ತರ ಹತ್ತಿರ ಬಂದ ಮೇಲೂ ಬೆರಳಿಗೆ ನೆನಪಿತ್ತು, ಅಪ್ಪ ಹಿಡಿದು ಮುಟ್ಟಿಸಿದ ಬೆರಳಿಗೆ. ಅಪ್ಪ ಎರಡನೇ ಸಲ ನೇಯ್ದು ಬಂದ ದಿನ ಕಿತ್ತ ಹಳೇ ಬೆತ್ತವನ್ನು ಕಟ್ಟು ಕಟ್ಟಿ ಮನೆಗೆ ತಂದಿದ್ದ. ಸ್ನಾನದ ನೀರಿನ ಒಲೆಯ ಮುಂದೆ ಕೂತು ಒಂದೊಂದೇ ಎಳೆ ತೆಗೆದು, ತುದಿಯನ್ನು ಬೆಂಕಿಯ ಬೆಳಕಿಗೆ ಹಿಡಿದು ನೋಡಿ, ನೋಡಿ, ಒಲೆಗೆ ಹಾಕುತ್ತಿದ್ದ. ಅವನು ಹಿಂದಿನಿಂದ ಬಂದು ಒಂದನ್ನು ನೋಡಿದ್ದ. ನುಣ್ಣಗಿತ್ತು. ಯಾಕೆ ಹರೀತಪ್ಪಾ, ಎಂದದ್ದಕ್ಕೆ, "ಬೆತ್ತ ಹಳೇದಾಗಿತ್ತು" ಎಂದ ಅಪ್ಪ, ನೇಯ್ದು ಒಂದೇ ದಿನವಾಗಿದ್ದ ಬೆತ್ತಕ್ಕೆ. ಆಮೇಲೆ, "ನೀರು ಕಾದಿದೆ, ಹೋಗು ಸ್ನಾನ ಮಾಡು." ಆ ಬಿಸಿನೀರು ಅವನ ಮೈಮೇಲೆ ಬಿದ್ದದ್ದು ಈಗಲೂ ಸುಡುತ್ತದೆ. ನಿಜವಾಗಿ ನೋಡಿದ್ದೆನೋ, ದ್ವೇಷದಲ್ಲಿ ನುಣ್ಣಗೆ ಮಾಡಿಕೊಂಡೆನೋ ಎಂದು ಎಷ್ಟು ವರ್ಷ ಒದ್ದಾಡಿದ. ಮರಿಯ ಮೇಲಿನ ಸಿಟ್ಟಿಗಿಂತ ಅಪ್ಪನ ಮೇಲಿನ ಸಿಟ್ಟು ಹೆಚ್ಚಾದ ವರ್ಷಗಳೂ ಇದ್ದವು. ಹೋಟೆಲಿನವರು, ಶಾಲೆಯವರು, ಕೋರ್ಟಿನವರು, ಒಬ್ಬೊಬ್ಬರೇ ಕುರ್ಚಿ ಕೊಡುವುದನ್ನು ನಿಲ್ಲಿಸಿದರು, ಊರು ಬಿಡಬೇಕಾಯಿತು, ಎಲ್ಲಕ್ಕೂ ಉತ್ತರವಾಗಿ ಆ ಎಳೆಗಳಿದ್ದವು, ಅಪ್ಪ ನೀರು ಕಾಯಿಸಿಬಿಟ್ಟ.

"ಆ ಬೆತ್ತದವನು ಕುಡೀತಿರಲಿಲ್ಲ" ಎಂದ, ಟಿಕೆಟ್ಟಿನಾಕೆಗೆ. ಗಂಟಲೆತ್ತಿ ಹೇಳಬೇಕೆಂದುಕೊಂಡಿದ್ದ ಮಾತು ಕೆಮ್ಮಿನ ಹಾಗೆ ಬಂತು.

ಅವಳ ಮುಖ ಅರಳಿತು. "ಗೊತ್ತಿದ್ದವರಾ? ಸಂಬಂಧಾನಾ? ಅಯ್ಯೋ, ಮೊದಲೇ ಹೇಳ್ಬಾರದಾ! ಕಮಿಟಿಯವರು ಅಂಥವರನ್ನೇ ಹುಡುಕ್ತಿದಾರೆ. ಒಂದು ವಿಡಿಯೋ ಮಾಡಿಸೋಣ. ಇಲ್ಲಿ, ಈ ಕುರ್ಚಿ ಪಕ್ಕದಲ್ಲೇ ನಿಮ್ಮ ಫೋಟೋ ಹಾಕಬಹುದು. 'ಕುಡುಕ ಬೆತ್ತದವನ ಸಂಬಂಧಿ' ಅಂತ. ಜನ ನೋಡ್ತಾರೆ ತಾತ, ಬಹಳ ಜನ ನೋಡ್ತಾರೆ!"

ಅವನಿಗೆ ಗೋಡೆ ಕಂಡಿತು, ಗೋಡೆಯ ಮೇಲೆ ಆ ದೊಡ್ಡ ಮುಖ, ಅದರ ಬುಡದಲ್ಲಿ ಅಂಗೈ ಅಗಲದ ಚೌಕಟ್ಟಿನೊಳಗೆ ತನ್ನದು. ಏನು ಹೇಳಿದರೂ ಅದು ಮರಿಯ ಪುಸ್ತಕದ ಬಾಲವಾಗುತ್ತದೆ. "ಇಲ್ಲಮ್ಮ" ಎಂದ. "ಸಂಬಂಧ ಏನಿಲ್ಲ. ಯಾರೋ ಹೇಳಿದ್ದು ಕೇಳಿದ್ದೆ." ಒಂದೇ ಮಾತಿನಲ್ಲಿ ಅಪ್ಪನನ್ನು ಇಲ್ಲ ಎಂದುಬಿಟ್ಟಿದ್ದ, ಅಪ್ಪನ ಎರಡು ಸುತ್ತಿನ ಗಂಟುಗಳ ಪಕ್ಕದಲ್ಲೇ ನಿಂತು.

ಗಂಟೆ ಒಂದಾಯಿತು. ಮೂರರ ತನಕ ಬಾಗಿಲು ಮುಚ್ಚುತ್ತೀವಿ, ಆಮೇಲೆ ಟೀಚರುಗಳ ಒಂದು ತಂಡ ಬರುತ್ತೆ, ಎಂದು ಅವಳು ಟಿಫಿನ್ ಡಬ್ಬಿ ಹುಡುಕುತ್ತಿದ್ದಾಗ, ಅವನ ಬಾಯಿ ತಾನಾಗಿ ಮಾತಾಡಿತು. "ನಿಮ್ಮ ಕುರ್ಚಿ ಜೋತುಬಿದ್ದಿದೆಯಮ್ಮ. ನಾನು ಬೆತ್ತದ ಕೆಲಸದವನೇ, ಸಾಮಾನು ಚೀಲದಲ್ಲೇ ಇದೆ. ನೀವು ಬರೋದ್ರೊಳಗೆ ಬಿಗಿ ಮಾಡಿಕೊಡ್ತೀನಿ. ಏನೂ ಕೊಡಬೇಡಿ."

"ನಿಜವಾಗ್ಲೂ? ಸೊಂಟ ಬಿದ್ದುಹೋಗಿದೆ ತಾತ ಇದರಲ್ಲಿ ಕೂತು ಕೂತು. ಆಫೀಸಿಗೆ ಬರೆದೂ ಬರೆದೂ ಸಾಕಾಯ್ತು." ಅವಳೇ ಕುರ್ಚಿಯನ್ನು ನಡುಮನೆಗೆ ತಂದಿಟ್ಟಳು, ಹೊರಗೆ ಬಿಸಿಲು ಎಂದು. ಚೀಲ ತಂದುಕೊಟ್ಟಳು, ಕುಡಿಯಲು ಒಂದು ತಂಬಿಗೆ ನೀರಿಟ್ಟಳು. "ಎಲ್ಲ ಗಾಜಿನೊಳಗಿದೆ, ಬೀಗ ಹಾಕಿದೆ. ನಾನು ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ. ಹಗ್ಗದೊಳಗೆ ಮಾತ್ರ ಹೋಗ್ಬೇಡಿ ಮತ್ತೆ!" ಎಂದು ಬೆರಳು ತೋರಿಸಿ ನಕ್ಕು ಹೋದಳು. ಚಿಲಕ ಬಿತ್ತು. ಇವಳೇನು ಮಾಡಿದಳು ಪಾಪ. ಕಮಿಟಿಯವರು ಇವಳನ್ನೇ ಹಿಡಿದು ಜಾಡಿಸುತ್ತಾರೆ. ಕೆಲಸ ಹೋದರೂ ಹೋಯಿತು. ಮಾಡಿದವನೊಬ್ಬ, ಅನುಭವಿಸುವವರು ಇನ್ನೊಬ್ಬರು ಎಂಬುದು ಈ ಮನೆಗೆ ಹೊಸದಲ್ಲ. ಹಾಗಂದುಕೊಂಡಾಗ ಅವನಿಗೆ ನಾಚಿಕೆಯಾಯಿತು. ಆದರೆ ಅವಳ ಕುರ್ಚಿಯ ಕಡೆ ಅವನು ತಿರುಗಲಿಲ್ಲ.

ಹಗ್ಗವನ್ನು ಕೊಕ್ಕೆಯಿಂದ ಬಿಡಿಸಿ ನೆಲಕ್ಕೆ ಹಾಕಿದ. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದ. ಅದರ ಭಾರ ಕೈಗೆ ಗುರುತು ಸಿಕ್ಕಿತು. ತುಂಬಾ ಮಾಡುವುದೇನಿರಲಿಲ್ಲ; ಇಡೀ ತಳಕ್ಕೆ ಎರಡು ದಿನ ಬೇಕು, ಹರಿದ ಎಳೆಗಳಿಗೆ ಎರಡು ಗಂಟೆ ಸಾಕು, ಕೈ ಪಳಗಿದ್ದರೆ. ಕತ್ತರಿಸಿದ ಎಂಟು ಎಳೆಗಳನ್ನು ಅಂಚಿನ ಕಣ್ಣುಗಳ ತನಕ ಬಿಡಿಸಿ ತೆಗೆದ, ಸಿಡಿದ ಮೇಲಿನ ಎಳೆಗಳನ್ನೂ. ಬೆತ್ತದ ಸುರುಳಿ ಬಿಚ್ಚಿದ, ತಂಬಿಗೆಯ ನೀರನ್ನು ಅದರ ಮೇಲೆ ಸುರಿದ, ಮೊದಲ ಎಳೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಹಿಂದಿನ ಕಣ್ಣಿಗೆ ಬೆಣೆ ಬಡಿದು, ಎಳೆದು, ಮುಂದಿನ ಕಣ್ಣಿಗೆ ಇಳಿಸಿ, ಬೆಣೆ. ಒಂದು. ನಿನ್ನ ತೂತಿನೊಳಗಿಂದ ನೀನು ಲೋಕ ನೋಡಿದೆಯೇನೋ? ನೋಡು. ಎರಡು. ಶಾಲೆಯ ಮಕ್ಕಳೆಲ್ಲ ಬಾಯಿಪಾಠ ಮಾಡಲಿ. ಮೂರು. ಬಂದು ನೋಡಲಿ ಎಲ್ಲಿದೆ ಎಂದು. ಕೆನ್ನೆಗೆ ಕೈ ಕೊಟ್ಟುಕೊಂಡು ನಗುತ್ತಾ ಇರು. ನಾಲ್ಕನೆಯ ಎಳೆ ತಿರುಚಿಕೊಂಡಿತು; ಬಿಚ್ಚಿ, ನಿಧಾನವಾಗಿ ಮತ್ತೆ ಹಾಕಿದ. ಸಿಟ್ಟಿನಲ್ಲಿ ನೇಯಬೇಡ, ಬಿಗಿ ಹೆಚ್ಚಾಗುತ್ತೆ, ಎನ್ನುತ್ತಿದ್ದ ಅಪ್ಪ. ಅಪ್ಪನ ಎಳೆ ಕಂದಾಗಿತ್ತು, ತನ್ನದು ಬೆಳ್ಳಗೆ. ದಬ್ಬಳದ ತುದಿಯಿಂದ ಅಪ್ಪನ ಅಡ್ಡ ಎಳೆಗಳನ್ನು ಒಂದೊಂದಾಗಿ ಎತ್ತಿ ತನ್ನದನ್ನು ಕೆಳಗೆ ತೂರಿಸಿದ. ಅವು ಮುರಿಯಲಿಲ್ಲ. ಅರವತ್ತು ವರ್ಷದ ಬೆತ್ತ ಇನ್ನೂ ಬಾಗುತ್ತಿತ್ತು. ಇದನ್ನು ನೇಯುವಾಗ ಅಪ್ಪನಿಗೆ ಎಲ್ಲ ಗೊತ್ತಿತ್ತು; ಯಾರು, ಎಲ್ಲಿಂದ, ತನ್ನದೇ ಯಾವ ಮಾತು ಕೇಳಿ ಕತ್ತರಿಸಿದರು ಎಂದು. ಗೊತ್ತಿದ್ದೂ ಬಿಗಿ ಒಂದಿಷ್ಟೂ ಹೆಚ್ಚಾಗಿರಲಿಲ್ಲ, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅದು ಹೇಗೆ ಸಾಧ್ಯವಾಯಿತು ಎಂಬುದು ಅವನಿಗೆ ತಿಳಿಯಲಿಲ್ಲ. ತನ್ನ ಕೈಗೆ ಅದು ಬಾರದು. ಎಂಟನೆಯ ಎಳೆ ಹಾಕಿ, ಮೇಲಿನ ಓರೆ ಎಳೆಗಳನ್ನೂ ಕೂಡಿಸಿ, ಕುರ್ಚಿ ಮಗುಚಿ, ಕೆಳಗೆ ಗಂಟು ಹಾಕಿದ. ಎರಡು ಸುತ್ತು. ಬೆಣೆ ತೆಗೆದ. ಬಾಯಿಂದ ಬೆತ್ತದ ನಾರು ಉಗುಳಿದ.

ಹೊರಗೆ ಹೆಂಗಸರ ಗಂಡಸರ ದನಿ, ಚಪ್ಪಲಿ ಬಿಡುವ ಸದ್ದು. ಅವನು ಕುರ್ಚಿಯನ್ನು ಕಂಬಗಳ ನಡುವೆ ಇಟ್ಟು, ಅದರಲ್ಲಿ ಕೂತ. ಪೂರ್ತಿ ಭಾರ ಬಿಟ್ಟು, ಬೆನ್ನು ಒರಗಿಸಿ, ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಇಟ್ಟು. ತಳ ಒಂದಿಷ್ಟು ಬಾಗಿ, ಹಿಡಿಯಿತು. ದೊಡ್ಡಮನೆಯಲ್ಲಿ ಅವನು ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು.

ಚಿಲಕ ತೆರೆಯಿತು. "ಬನ್ನಿ ಬನ್ನಿ, ಮೊದಲು ಇಲ್ಲೇ, ಆ ಹೆಸರಾದ ತೂತು..." ಎನ್ನುತ್ತಾ ಟಿಕೆಟ್ಟಿನಾಕೆ ಒಳಗೆ ಬಂದವಳು ನಿಂತುಬಿಟ್ಟಳು. ಅವಳ ಹಿಂದೆ ಹತ್ತು ಹನ್ನೆರಡು ಮುಖ. ನೆಲದ ಮೇಲೆ ಹಗ್ಗ, ಕಿಟಕಿಯ ಕೆಳಗೆ ಬೆತ್ತದ ಚೂರು, ನೀರು, ಮೂಲೆಯಲ್ಲಿ ಹಾಗೇ ಜೋತುಬಿದ್ದ ಅವಳ ಕುರ್ಚಿ. ಕಂದು ಬೆತ್ತದ ನಡುವೆ ಬೆಳ್ಳಗಿನ ಎಳೆಗಳು ಅವನ ತೊಡೆಗಳ ಪಕ್ಕದಲ್ಲಿ ಕಾಣುತ್ತಿದ್ದವು.

"ತೂತೆಲ್ಲಿ?" ಎಂದರು ಹಿಂದಿನಿಂದ ಯಾರೋ.

"ಅಯ್ಯೋ! ಏನ್ರೀ ಮಾಡಿದ್ರಿ? ಏನ್ರೀ ಮಾಡಿದ್ರಿ ನೀವು?" ಅವಳ ದನಿ ಒಡೆಯಿತು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿಕೊಂಡಿತು. "ನಂಬಿ ಬಿಟ್ಟು ಹೋದೆನಲ್ಲ! ಏಳಿ, ಏಳಿ ಮೊದಲು! ಕುಡ್ಕೊಂಡು ಬಂದಿದ್ದೀರಾ ಹೇಗೆ?"

ಅವನು ಏಳಲಿಲ್ಲ. ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ, ಬೇಕೆನಿಸಲೂ ಇಲ್ಲ. ಅವಳನ್ನೇ ನೋಡುತ್ತಾ, ಅವಳ ತಲೆಯ ಮೇಲಿಂದ ಹೊರಗಿನ ಗೋಡೆಯ ಆ ನಗುಮುಖವನ್ನೂ ನೋಡುತ್ತಾ, "ಹತ್ತಿರ ಬಾಮ್ಮ" ಎಂದ. ಅವಳು ಬರಲಿಲ್ಲ. "ಬಾ" ಎಂದ ಮತ್ತೆ, ಮೆಲ್ಲಗೆ, ಕೈ ಚಾಚಿ. ಯಾಕೆಂದು ತಿಳಿಯದವಳ ಹಾಗೆ ಅವಳು ಒಂದು ಹೆಜ್ಜೆ ಬಂದಳು, ಇನ್ನೊಂದು ಹೆಜ್ಜೆ ಬಂದಳು, ಅವನ ಮುಖದ ಹತ್ತಿರಕ್ಕೆ ಬಗ್ಗಿದಳು.

ಅವನು ಬಾಯಿ ಅಗಲವಾಗಿ ತೆರೆದು, ಹಾ... ಎಂದು ಉಸಿರು ಬಿಟ್ಟ. ಉದ್ದಕ್ಕೆ, ಉಸಿರು ಮುಗಿಯುವ ತನಕ.